ಅಪ್ಪನ ಕಾಲಿನ ವಾದ

ಫೆಬ್ರವರಿ 3, ಸೋಮವಾರ

ಅಪ್ಪನ ಕಾಲಿಗೆ ಲೇಪ ಹಚ್ಚಿ ಬಟ್ಟೆ ಕಟ್ಟಿದೆ. ನೆರಿಯ ಊರಿನ ನಾಟಿ ವೈದ್ಯ ರುಕ್ಮಯ್ಯನವರು ಕೊಟ್ಟ ಸೊಪ್ಪಿನ ಮದ್ದು. ಬಾವು ಸ್ವಲ್ಪ ಇಳಿದಿದೆ. ಸಕ್ಕರೆ ಕಾಯಿಲೆಯ ಹುಣ್ಣು, ಎಡಗಾಲಿನ ಹೆಬ್ಬೆರಳು ತೆಗೆಯಲೇಬೇಕು ಎಂದಿದ್ದರು ಮಂಗಳೂರಿನ ಡಾಕ್ಟರ್. ಬೇಡ ಎಂದವಳು ನಾನು.

ದೋಹಾದಿಂದ ತಮ್ಮ ಶಿಶಿರನ ಫೋನ್. ಅದೇ ಜಗಳ.

"ಆಪರೇಷನ್ ಮಾಡಿಸುವ, ಅಕ್ಕ."

ಬೆರಳು ತೆಗೆಸಿ ಕೊನೆಗೆ ಮೊಣಕಾಲನ್ನೇ ಕಳೆದುಕೊಂಡವರ ಉದಾಹರಣೆಯ ಮೇಲೆ ಉದಾಹರಣೆ ಕೊಟ್ಟೆ. ಕೊನೆಗೆ ಅವನೇ ಫೋನ್ ಇಟ್ಟ. ಬಂಟ್ವಾಳ ಕೋರ್ಟಿನಲ್ಲಿ ವಕೀಲಳಾಗಿ ದಿನವೂ ಮಾಡುವುದು ಅದನ್ನೇ ಅಲ್ಲವೆ... ಅಪ್ಪನಿಗೆ ಖುಷಿ. ಮೆಲ್ಕಾರಿನ ನಮ್ಮ ಹೋಟೆಲಿಗೆ ಬಂದವರಿಗೆಲ್ಲ ಹೇಳಿದರಂತೆ: "ನನ್ನ ಸುಪ್ರೀತಾ ಡಾಕ್ಟರನ್ನೂ ಸೋಲಿಸಿದಳು."

ಫೆಬ್ರವರಿ 11, ಮಂಗಳವಾರ

ಅಪ್ಪನಿಗೆ ನಿನ್ನೆಯಿಂದ ಜ್ವರ. ಹೋಟೆಲಿಗೆ ಹೋಗಿಲ್ಲ. ಬೆರಳು ಕಪ್ಪಾಗಿದೆ — ಮದ್ದಿನ ಬಣ್ಣ ಎಂದೆ.

ಶಿಶಿರ ಇವತ್ತು ಕೂಗಾಡಲಿಲ್ಲ. ಮೆಲ್ಲಗೆ ಕೇಳಿದ.

"ಸರಿ ಅಕ್ಕ. ಎಂತ ಕಂಡರೆ ನೀನು ಒಪ್ತಿ?"

ಒಪ್ಪುವ ಯೋಚನೆಯೇ ಇರಲಿಲ್ಲ. ಸಿಟ್ಟು ಬಂತು.

"ಆ ಕಪ್ಪು ಬೆರಳನ್ನು ದಾಟಿದರೆ ಒಪ್ತೇನೆ. ಸಾಕಾ?"

ಫೋನ್ ಇಟ್ಟೆ.

ಫೆಬ್ರವರಿ 12, ಬುಧವಾರ

ದಾಟಿದೆ.

ಕಿಟಕಿ ತೆರೆದು ಬೆಳಕಿನಲ್ಲಿ ಮತ್ತೆ ನೋಡಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಣ್ಣವಲ್ಲ. ಪಾದದ ಮೇಲಕ್ಕೂ ಹಬ್ಬಿದೆ. ಕೆಟ್ಟ ವಾಸನೆ.

ಶಿಶಿರ ಇದನ್ನು ಕಂಡಿಲ್ಲ. ಇನ್ನೆರಡು ದಿನ ನೋಡುವ ಎನ್ನಬಹುದಿತ್ತು. ಹಾಗೆ ಟೈಪ್ ಕೂಡ ಮಾಡಿದೆ. ಅಳಿಸಿದೆ. ಫೋಟೋ ಕಳಿಸಿ ಬರೆದೆ — ನನ್ನದು ತಪ್ಪು, ಇವತ್ತೇ ಕರೆದುಕೊಂಡು ಹೋಗ್ತೇನೆ.

ಈಗ ಅಪ್ಪ ಒಪ್ಪಲೊಲ್ಲರು! ನನ್ನ ಮಾತುಗಳನ್ನೇ ಒಂದೊಂದಾಗಿ ನನ್ನ ಮುಂದಿಟ್ಟರು.

"ಬೆರಳಿನಿಂದ ಸುರು ಮಾಡಿ ಮೊಣಕಾಲಿಗೆ ಬರ್ತಾರೆ ಅಂತ ಹೇಳಿದ್ದು ನೀನೇ ಅಲ್ವಾ?"

"ನಾನೇ ಅಪ್ಪ."

"ಮತ್ತೆ? ನಿನ್ನೆ ಒಂದು, ಇವತ್ತು ಒಂದು. ಯಾವುದನ್ನು ನಂಬುವುದು ಮಾರಾಯ್ತಿ?"

"ಇವತ್ತಿನದ್ದು. ಇಷ್ಟು ದಿನ ಶಿಶಿರನನ್ನು ಸೋಲಿಸ್ಲಿಕ್ಕೆ ಮಾತಾಡಿದೆ. ಇವತ್ತು ನಿಮ್ಮ ಕಾಲು ನೋಡಿ ಹೇಳ್ತಾ ಇದ್ದೇನೆ."

ಗೋಡೆಯ ಕಡೆ ತಿರುಗಿ ಮಲಗಿದರು. ಮೈ ಕೆಂಡದ ಹಾಗೆ ಸುಡುತ್ತಿತ್ತು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಕೊನೆಗೆ ತಿರುಗದೆಯೇ ಹೇಳಿದರು.

"ಅಂಗಿ ಕೊಡು."

ಫೆಬ್ರವರಿ 13, ಗುರುವಾರ, ಆಸ್ಪತ್ರೆ

ಬೆರಳಲ್ಲ. ಮೊಣಕಾಲಿನ ಕೆಳಗೆ ತೆಗೆಯಬೇಕು. ತಡಮಾಡಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರ್. ಮೊದಲೇ ಬಂದಿದ್ದರೆ? ಎಂದು ಕೇಳಿದೆ. "ಬೆರಳು ಮಾತ್ರ ಹೋಗುತ್ತಿತ್ತು." ಸಹಿ ಹಾಕಿದೆ. ಒಳಗೆ ಕರೆದುಕೊಂಡು ಹೋಗುವಾಗ ಅಪ್ಪ ನನ್ನ ಕಡೆ ನೋಡಲಿಲ್ಲ.

ಫೆಬ್ರವರಿ 17, ಸೋಮವಾರ

ಜ್ವರ ಬಿಟ್ಟಿದೆ. ಅಪಾಯವಿಲ್ಲ ಎಂದರು. ಶಿಶಿರ ಬಂದಿದ್ದಾನೆ. 'ನಾನು ಹೇಳಿರಲಿಲ್ವಾ' ಎನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ನನ್ನ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗು ತೆಗೆದಿಟ್ಟು ಕೂತ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಮೇಲೆ ಔಷಧಿ ತರಲು ಕೆಳಗೆ ಹೋದ.

ಅಪ್ಪ ಕಣ್ಣು ತೆರೆದೇ ಇದ್ದರು. ಹೊದಿಕೆಯ ಎಡಭಾಗ ಚಪ್ಪಟೆ.

"ಮೊದಲೇ ಬಂದಿದ್ದರೆ ಬೆರಳು ಮಾತ್ರವಾ?"

ಬಾಯಿಗೆ ವಾದ ಬಂತು. ಸಕ್ಕರೆ ಜಾಸ್ತಿ ಇತ್ತು, ಯಾರಿಗೆ ಗೊತ್ತು, ಡಾಕ್ಟರೂ ತಪ್ಪಬಹುದು... ನುಂಗಿದೆ.

"ಹೌದು ಅಪ್ಪ. ನಾನು ಬೇಡ ಅಂದದ್ದರಿಂದ."

ಹೊದಿಕೆಯ ಚಪ್ಪಟೆ ಭಾಗವನ್ನು ಒಮ್ಮೆ ಕೈಯಲ್ಲಿ ಸವರಿದರು. ಆಮೇಲೆ ಕೇಳಿದರು.

"ಚಾ ಕುಡಿದಿಯಾ ನೀನು?"

ಇಲ್ಲ ಎಂದು ತಲೆಯಾಡಿಸಿದೆ. ಅಪ್ಪ ಕೈ ಚಾಚಿ ನನ್ನ ಕಡೆಗೆ ತಮ್ಮ ಚಾ ಲೋಟ ತಳ್ಳಿದರು.