ಮರಿಗಳಿಗೆ ತಂದ ಕೆಂಪು ಕಾಳು

ಲೋಧಿ ಕಾಲೋನಿ, ನವದೆಹಲಿ
೪-೩-೨೦೨೫, ಮಂಗಳವಾರ

ಪ್ರೀತಿಯ ಮಗ ಗೋಪಾಲನಿಗೆ,

ನಿನ್ನ ಅವ್ವ ಬರೆಯುತ್ತಿರುವುದು. ನೆಗಡಿ ಬಿಟ್ಟಿತೇ? ಸಮುದ್ರದ ಗಾಳಿಗೆ ಕಿವಿಗೆ ಹತ್ತಿ ಇಟ್ಟುಕೊ, ನಗುವವರು ನಗಲಿ. ನಿನ್ನ ದ್ವೀಪದ ಟವರು ಇನ್ನೂ ರಿಪೇರಿಯಾಗಿಲ್ಲವಂತೆ. ಮಳೆ ಯಾವತ್ತು ಬರುತ್ತದೆಂದು ದೇಶಕ್ಕೆಲ್ಲ ಹೇಳುವ ನಿನ್ನ ಆಫೀಸಿಗೆ ತನ್ನ ಫೋನು ಯಾವತ್ತು ಬರುತ್ತದೆಂದು ಗೊತ್ತಿಲ್ಲ. ಅದಕ್ಕೇ ಕಾಗದ ಹಿಡಿದೆ. ನಾಲ್ಕನೇ ಕ್ಲಾಸಿನ ಅಕ್ಷರ, ಕೂಡಿಸಿಕೊಂಡು ಓದು.

ನಿನ್ನ ಹೆಂಡತಿ ಧಾರಿಣಿಗೆ ಆರು ತಿಂಗಳು ತುಂಬಿ ಏಳಕ್ಕೆ ಬಿತ್ತು. ಎರಡು ಸಲ ಬಸುರು ನಿಲ್ಲದೇ ಹೋಗಿದ್ದಕ್ಕೆ ಡಾಕ್ಟರಮ್ಮ ಈ ಸಲ ಬಹಳ ಬಿಗಿ, ಭಾರ ಎತ್ತಕೂಡದು, ದೂರ ನಡೆಯಕೂಡದು. ನೀನು ಹೋಗುವಾಗ ಹೇಳಿದಂತೆ ದಿನಾ ಬೆಳಗ್ಗೆ ಹಿತ್ತಲಿನ ಕೋಳಿಯ ಮೊಟ್ಟೆ ಬೇಯಿಸಿ, ಎದುರಿಗೆ ಕೂತು ತಿನ್ನಿಸುತ್ತೇನೆ. ನಿನ್ನ ಮಗಳು ಗಗನಾ ವಾಸನೆಗೇ ಮೂಗು ಮುಚ್ಚಿಕೊಂಡು ಓಡುತ್ತಾಳೆ. ಅವಳಿಗೆ ಆ ಹುಳದಂಥ ನೂಡಲ್ಸೇ ಆಗಬೇಕು. ಎರಡು ದಿನದಿಂದ ಧಾರಿಣಿ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಬರುತ್ತದೆ. ಬಸುರಿನಲ್ಲಿ ಅದೆಲ್ಲ ಇದ್ದದ್ದೇ ಕಣೇ, ಬ್ರಶ್ಶು ಬಿಸಾಕು ಅಂದೆ. ನೀನು ಗಾಬರಿಯಾಗಬೇಡ.

ಕೋಳಿಗಳ ಸುದ್ದಿ ಚೆನ್ನಾಗಿಲ್ಲ. ಕರಿಕೋಳಿ ಆರು ಮರಿ ಮಾಡಿತ್ತು, ಹತ್ತಿಯುಂಡೆ ಉರುಳಿದ ಹಾಗೆ ಓಡಾಡುತ್ತಿದ್ದವು. ನಿನ್ನ ಹೆಂಡತಿ ಫೋನು ನೋಡಿ ನೋಡಿ ಅವುಗಳ ನೀರಿಗೆ ವಿಟಮಿನ್ ಹನಿ, ದೊಡ್ಡ ಕೋಳಿಗಳ ನುಚ್ಚಿಗೆ ಕಪ್ಪೆಚಿಪ್ಪಿನ ಪುಡಿ ಕಲಸುತ್ತಿದ್ದಳು. ಮೊಟ್ಟೆಯ ಓಡು ಗಟ್ಟಿಯಾಗುತ್ತದಂತೆ. ನಿನ್ನನ್ನು ಹೆತ್ತಾಗ ನನಗೇ ಟಾನಿಕ್ಕಿರಲಿಲ್ಲ, ಇಲ್ಲಿ ಕೋಳಿಗೆ ಟಾನಿಕ್ಕು.

ಹೋದ ಸೋಮವಾರ ನುಚ್ಚು ಮುಗಿಯಿತು. ಆರ್ಡರ್ ಮಾಡಿದ್ದೀನಿ, ಎರಡು ದಿನ ತಡೀರಿ ಅತ್ತೆ ಅಂದಳು. ಹಸಿವು ಆರ್ಡರ್ ಕಾಯುತ್ತದೆಯೇ? ನಾನೇ ಮಾರ್ಕೆಟ್ಟಿಗೆ ನಡೆದೆ. ಕೋಳಿಮರಿಗೆ ಹಿಂದಿಯಲ್ಲಿ ಏನನ್ನುತ್ತಾರೆಂದು ಗಗನಾಳನ್ನು ಕೇಳಿ, ದಾರಿಯುದ್ದಕ್ಕೂ ಬಾಯಲ್ಲೇ ಜಪಿಸಿಕೊಂಡು ಹೋದೆ. ಬೀಜ ಗೊಬ್ಬರದ ಅಂಗಡಿಯ ಭಯ್ಯಾ ಎಷ್ಟಿವೆ ಮಾತಾಜಿ ಅಂದ. ಆರು ಬೆರಳು ತೋರಿಸಿದೆ. ಅವನು ನಕ್ಕು ಒಂದು ಪೊಟ್ಟಣ ಕೊಟ್ಟು, "ತೀನ್ ದಿನ್, ಸಬ್ ಸಾಫ್" ಅಂದ. ಅಷ್ಟು ರುಚಿ, ಮೂರೇ ದಿನಕ್ಕೆ ಮರಿಗಳು ತಿಂದು ಖಾಲಿ ಮಾಡುತ್ತವೆ ಅಂದುಕೊಂಡೆ. ಬಿಚ್ಚಿದರೆ ಕುಂಕುಮ ಕಲಸಿದಂಥ ಕೆಂಪು ಗೋಧಿ. ನಮ್ಮ ಊರಲ್ಲಿ ಇಂಥ ಚಂದದ ಕಾಳು ಕಂಡವರಿಲ್ಲ. ಕುಟ್ಟಿ ನುಚ್ಚು ಮಾಡಿ ಹಾಕಿದೆ.

ಗುರುವಾರ ಎರಡು ಮರಿ ಹೋದವು, ಶುಕ್ರವಾರ ನಾಲ್ಕು. ಬೇವಿನ ಬುಡದಲ್ಲಿ ಹೂತೆ. ಕರಿಕೋಳಿ ಮಣ್ಣು ಕೆದಕುತ್ತಾ ಅಲ್ಲೇ ಸುತ್ತಿತು. ಇದು ಟಾನಿಕ್ಕಿನ ಕೆಲಸವೇ ಅಂದುಕೊಂಡು ಧಾರಿಣಿಯ ಹನಿಬಾಟಲಿ ಮೋರಿಗೆ ಸುರಿದೆ. ನಿನ್ನ ಕೈಗುಣಕ್ಕೆ ಮರಿಯೂ ಬಾಳಲ್ಲ ಅಂದುಬಿಟ್ಟೆ. ಅವಳು ಒಳಗೆ ಹೋಗಿ ಮಲಗಿದಳು. ಶಕ್ತಿ ಬರಲಿ ಎಂದು ದೊಡ್ಡ ಕೋಳಿಗಳಿಗೂ ಮೊದಲ ದಿನದಿಂದ ಹಾಕುತ್ತಿದ್ದ ಕೆಂಪು ಕಾಳನ್ನು ಇನ್ನೊಂದು ಹಿಡಿ ಹೆಚ್ಚಿಸಿದೆ. ಆದರೂ ಭಾನುವಾರ ಕರಿಕೋಳಿ ಕೊಕ್ಕಿನಲ್ಲಿ ರಕ್ತ ಒಸರಿಕೊಂಡು ಗೋಡೆಗೆ ಒರಗಿ ಸತ್ತಿತು. ಉಳಿದ ಎರಡು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿವೆ. ಇವತ್ತು ಒಂದೇ ಮೊಟ್ಟೆ ಸಿಕ್ಕಿತು. ಒಂದು ಒಳ್ಳೆಯದೆಂದರೆ ಹಿತ್ತಲು ತೋಡುತ್ತಿದ್ದ ಹೆಗ್ಗಣ ಈ ವಾರ ಕಾಣಿಸಿಲ್ಲ. ಹಿತ್ತಲೇ ಸದ್ದಿಲ್ಲದೆ ಬಿದ್ದಿದೆ, ಕಾಗೆ ಕೂಡ ಇಳಿಯುತ್ತಿಲ್ಲ.

ಹೆಂಡತಿಗೆ ಒಂದು ಮಾತು ಬುದ್ಧಿ ಹೇಳಿ ಬರೆ. ಹೊತ್ತಿಗೆ ಸರಿಯಾಗಿ ಉಣ್ಣು. ಮನೆದೇವರು ನಿನ್ನ ತಲೆ ಕಾಯಲಿ, ಇಲ್ಲಿಯ ಹೊಟ್ಟೆಯನ್ನೂ ಕಾಯಲಿ.

ನಿನ್ನ ಅವ್ವ,
ಸೀತಮ್ಮ

ವಿ.ಸೂ.: ಕಾಗದ ಅಂಟಿಸುವ ಹೊತ್ತಿಗೆ ಗಗನಾ ಸ್ಕೂಲಿಂದ ಬಂದಳು. ಪೊಟ್ಟಣದ ಮೇಲಿನ ಹಿಂದಿ ಓದಿ, "ಅಜ್ಜಿ, ಮೈನೇ ಚೂಜಾ ಬೋಲಾ ಥಾ, ಇದು ಚೂಹಾದು" ಅಂದಳು. ಅವಳು ಹೇಳಿಕೊಟ್ಟಿದ್ದ ಚೂಜಾ ಅಂದರೆ ಕೋಳಿಮರಿ. ಚೂಹಾ ಅಂದರೆ ಇಲಿ. ಜಪಿಸುತ್ತಾ ಜಪಿಸುತ್ತಾ ದಾರಿಯಲ್ಲಿ ಎಲ್ಲಿ ತಪ್ಪಿದೆನೋ. ನಾನು ಕುಟ್ಟಿ ಹಾಕಿದ್ದು ಇಲಿಪಾಷಾಣ. ಧಾರಿಣಿ ಎಂಟು ದಿನ ಆ ಕೋಳಿಗಳ ಮೊಟ್ಟೆ ತಿಂದಿದ್ದಾಳೆ. ಇವತ್ತು ಬೇಡ ಅತ್ತೆ ಅಂದಳು, ನಾನು ಬಿಡಲಿಲ್ಲ. ಮೇಲಿನ ಮನೆಯ ಶಾರದಾ ಆಟೋ ಕರೆಯಲು ಓಡಿದ್ದಾಳೆ. ಪೊಟ್ಟಣವನ್ನು ಡಾಕ್ಟರಿಗೆ ತೋರಿಸಲು ಸೆರಗಿಗೆ ಕಟ್ಟಿಕೊಂಡಿದ್ದೇನೆ. ಟಾನಿಕ್ಕಿನ ಬಗ್ಗೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ನಿನ್ನ ಅವ್ವ ಏನಂದಳೆಂದು ನಿನಗೂ ಗೊತ್ತಿರಲಿ. ವಸಡು ತೋರಿಸಿಕೊಂಡು ಬರೋಣ ಬಾ ಎಂದಷ್ಟೇ ಅವಳಿಗೆ ಹೇಳಿದ್ದೇನೆ. ಚಪ್ಪಲಿ ಮೆಟ್ಟುತ್ತಾ, ವಸಡಿಗೆ ಯಾಕತ್ತೆ ಇಷ್ಟು ಗಾಬರಿ ಅನ್ನುತ್ತಿದ್ದಾಳೆ. ಆಟೋ ಬಂತು. ಕೂತ ಮೇಲೆ ಹೇಳುತ್ತೇನೆ.