ಹುಬ್ಬಳ್ಳಿಗೆ ಎರಡು ಸೀಟು

ಹುಣಸೂರು

ಅಪ್ಪಾಜಿಗೆ ರಮ್ಯಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಸಿಟ್ಟಾಗಿ ಇಟ್ಟುಬಿಡುತ್ತೀರಿ, ಅದಕ್ಕೇ ಪತ್ರ. ನನ್ನ ಮನೆಗೆ ಬಂದಿರುವ ಅವ್ವ ಶನಿವಾರ ಸಂಜೆಯ ಬಸ್ಸಿಗೆ ಹುಬ್ಬಳ್ಳಿಯ ದೊಡ್ಡಮ್ಮನನ್ನು ನೋಡಲು ಹೊರಡುತ್ತಿದ್ದಾಳೆ.

ನನ್ನ ಮದುವೆಯಲ್ಲಿ ನಿಮಗೂ ದೊಡ್ಡಪ್ಪನಿಗೂ ಜಗಳವಾದ ಮೇಲೆ, ಅವ್ವ ತನ್ನ ಅಕ್ಕನ ಊರಿನ ಮಾತೆತ್ತಿದಾಗಲೆಲ್ಲ ನೀವು, "ಸೀಟೆಲ್ಲಾ ಭರ್ತಿ ಕಣೆ, ಮುಂದ್ಲ ಸಲ ನೋಡುವ ಬುಡು" ಎನ್ನುತ್ತಿದ್ದಿರಿ. ಅವಳು ನಂಬುತ್ತಿದ್ದಳು. ಮೊನ್ನೆ ಅವಳು ನನ್ನ ಟಿಕೆಟ್ ಬುಕಿಂಗ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಾಗ, ಪರದೆಯ ಮೇಲೆ ಹುಬ್ಬಳ್ಳಿ ಬಸ್ಸಿನ ಹಸಿರು ಚೌಕಗಳನ್ನು ತೋರಿಸಿ, "ಇವೆಲ್ಲ ಖಾಲಿ ಸೀಟು" ಎಂದೆ.

"ಇಷ್ಟೊಂದಾ?" ಎಂದಳು. ನಿಮ್ಮನ್ನು ಬೈಯಲಿಲ್ಲ. "ಅಕ್ಕನ ಕಣ್ಣು ಪೂರ್ತಿ ಮಂಜಾಗೋಕೆ ಮುಂಚೆ ನನ್ ಮೊಕ ನೋಡ್ಲಿ. ಬುಕ್ ಮಾಡು ಕಣವ್ವ" ಎಂದಳು.

ಅಲ್ಲೇ ಎರಡು ಸೀಟು ಕಾಯ್ದಿರಿಸಿದೆ. ಇನ್ನೊಂದು ನಿಮ್ಮ ಹೆಸರಿನಲ್ಲಿದೆ. ದೊಡ್ಡಪ್ಪನಿಗೂ ತಿಳಿಸಿದ್ದೇನೆ, "ಬರ್ಲಿ ಬಿಡವಾ, ನಾನೇ ಸ್ಟ್ಯಾಂಡಿಗೆ ಬರ್ತೀನಿ" ಎಂದರು.

ನೀವು ಶನಿವಾರ ಇಲ್ಲಿಗೆ ಬರುತ್ತೀರಿ, ನನಗೆ ಅನುಮಾನವೇ ಇಲ್ಲ. ಹಸುವನ್ನು ಪಕ್ಕದ ಮನೆಯ ಚೆಲುವರಾಜುಗೆ ಒಪ್ಪಿಸಿ, ಸ್ವೆಟರ್ ಮರೆಯದೆ ತನ್ನಿ. ಕಿಟಕಿಯ ಸೀಟು ನಿಮಗೇ ಇರಲಿ ಎಂದು ಅವ್ವ ಹೇಳಿದ್ದಾಳೆ.

ನಿಮ್ಮ ಮಗಳು,
ರಮ್ಯ