ಬಿಚ್ಚಲು ಮರೆತ ಕಚ್ಚಾ ಹೊಲಿಗೆ

೧೪ನೇ ತಾರೀಖು, ಬುಧವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ತಪ್ಪು ನನ್ನದೇ. ಆಪರೇಷನ್ ಮುಗಿಯುವವರೆಗೆ ಅಕ್ಕನಿಗೆ ತಿಳಿಸಬೇಡ ಎಂದು ನನ್ನವಳಿಗೆ, ಅದೇ ನಿನ್ನ ನಾದಿನಿಗೆ, ತಾಕೀತು ಮಾಡಿದ್ದೆ. ಗಾಬರಿಯಾಗಬೇಡ, ಈಗ ಗುಂಡುಕಲ್ಲಿನ ಹಾಗಿದ್ದೇನೆ. ಹೊಲಿಗೆ ಮಿಷಿನ್ ಮುಟ್ಟದ ಹಾಗೆ ಅವಳು ಕಾವಲು ಕೂತಿದ್ದಾಳೆ, ಅದೊಂದೇ ಕಷ್ಟ.

ಏಳು ವರ್ಷದವನಿದ್ದಾಗ ಹೋದಂತೆಯೇ ಮತ್ತೆ ಮಲದಲ್ಲಿ ರಕ್ತ ಹೋಯಿತು. ಹೊಟ್ಟೆ ಕೊಯ್ದ ಡಾಕ್ಟರಮ್ಮ ಕಾರಣ ಹೇಳಿದರು. ಗರ್ಭ ಕಟ್ಟಿದ ಮೊದಲ ವಾರಗಳಲ್ಲಿ ಪಿಂಡಕ್ಕೆ ಅಂಟಿಕೊಂಡು ಪುಟ್ಟ ಚೀಲವೊಂದು ಇರುತ್ತದಂತೆ. ಅದಕ್ಕೂ ಕರುಳಿಗೂ ನಡುವೆ ಸಣ್ಣ ಕೊಳವೆ. ಎಂಟನೇ ವಾರದ ಹೊತ್ತಿಗೆ ಕೊಳವೆ ತಾನೇ ಮುಚ್ಚಿ ಕರಗಿಹೋಗಬೇಕು. ನನ್ನದು ಹೆಬ್ಬೆರಳಿನಷ್ಟು ಉಳಿದು, ಸಣ್ಣ ಕರುಳಿಗೆ ಜೇಬಿನ ಹಾಗೆ ಅಂಟಿಕೊಂಡಿತ್ತು. ಅದರೊಳಗೆ ಜಠರದಲ್ಲಿರುವಂಥ ಹುಳಿರಸ ಒಸರಿ ಕರುಳು ಹುಣ್ಣಾಗಿತ್ತು. ಅಳತೆ ನೋಡಲು ಕಚ್ಚಾ ಹೊಲಿಗೆ ಹಾಕಿದವನು ಆಮೇಲೆ ಬಿಚ್ಚುವುದನ್ನು ಮರೆತ ಅನ್ನಿ ಎಂದೆ. ಅವರು ನಕ್ಕರು. ಮೆಟ್ಟಿಲಿಂದ ತಳ್ಳಿದರೆ ಹೀಗಾಗುತ್ತದೆಯೇ ಎಂದೂ ಕೇಳಿದೆ.

"ಇಲ್ಲ ಟೈಲರೇ, ನೀವು ಅಮ್ಮನ ಹೊಟ್ಟೇಲಿ ಅವರೆಕಾಳಿನಷ್ಟು ಇದ್ದಾಗಲೇ ಆಗಿದ್ದು ಇದು. ಯಾರ ತಪ್ಪೂ ಅಲ್ಲ."

ಹಾಸಿಗೆಯಲ್ಲೇ ಅತ್ತುಬಿಟ್ಟೆ ಅಕ್ಕ. ಅಂದು ಆಟದಲ್ಲಿ ನೀನು ಮೆಟ್ಟಿಲಿಂದ ತಳ್ಳಿದ್ದಕ್ಕೇ ನನಗೆ ರಕ್ತ ಬಂತೆಂದು ಅಮ್ಮ ನಂಬಿದಳು. ಇವಳದು ಒರಟು ಕೈ, ಮಕ್ಕಳನ್ನು ಕೊಡಬೇಡಿ ಎಂದು ಬಂದವರಿಗೆಲ್ಲ ಹೇಳಿದಳು. ನೀನೂ ನಂಬಿದೆ. ಮೊಮ್ಮಗಳು ಹುಟ್ಟಿ ತಿಂಗಳಾದರೂ ನೀನು ಎತ್ತಿಕೊಂಡಿಲ್ಲವೆಂದು ನಿನ್ನ ಸೊಸೆ ಫೋನಿನಲ್ಲಿ ಬೇಜಾರು ಮಾಡಿಕೊಂಡಳು. ಈ ಕಾಗದ ಮಡಚಿಟ್ಟು ಹೋಗಿ ಎತ್ತಿಕೊ.

ನಿನ್ನ ನಾದಿನಿಯ ಕಣ್ಣು ತಪ್ಪಿಸಿ ಕೂಸಿಗೆ ಎರಡು ಅಂಗಿ ಹೊಲಿದಿದ್ದೇನೆ. ಜೇಬು ಇಟ್ಟಿಲ್ಲ. ನಮ್ಮ ವಂಶದಲ್ಲಿ ಒಂದು ಜೇಬಿನ ಕಾಟವೇ ಸಾಕು. ಭಾವನಿಗೆ ನಮಸ್ಕಾರ, ಕೂಸಿಗೆ ನನ್ನ ತುಂಬು ಆಶೀರ್ವಾದ.

ಇಂತಿ,
ನಿನ್ನ ತಮ್ಮ

ತಾ.ಕ.: ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನೀನು ತಳ್ಳಿದ್ದು ಸಂಜೆ. ನನಗೆ ಅಂದು ಬೆಳಿಗ್ಗೆಯೇ ರಕ್ತ ಹೋಗಿತ್ತು. ಅಪ್ಪ ಬಟ್ಟೆಗೆ ಗುರುತು ಹಾಕುವ ಕೆಂಪು ಸೀಮೆಸುಣ್ಣವನ್ನು ಹಿಂದಿನ ದಿನ ಕದ್ದು ತಿಂದಿದ್ದೆ. ಅದರ ಬಣ್ಣವೇ ಹೊರಗೆ ಬಂತೆಂದುಕೊಂಡು ಸುಮ್ಮನಿದ್ದೆ. ಸಂಜೆ ಮತ್ತೆ ರಕ್ತ ಹೋಗಿ ಅಮ್ಮ ಕೇಳಿದಾಗ, ಏಟಿನ ಭಯಕ್ಕೆ "ಅಕ್ಕ ತಳ್ಳಿದಳು" ಅಂದೆ. ಏಟು ನಿನಗೆ ಬಿತ್ತು. ನಿನ್ನ ಕೈ ಒರಟಲ್ಲವೆಂದು ನನಗೆ ಏಳನೇ ವಯಸ್ಸಿನಿಂದಲೂ ಗೊತ್ತಿತ್ತು ಅಕ್ಕ.